ಬಾಯಿಗೊಂದು ಕಲ್ಲುಸಕ್ಕರೆ

ನನ್ನ ತಂಗಿ ಪ್ರಫುಲ್ಲಾ ಗ್ರೈಂಡರ್ ಕಳೆದುಕೊಂಡ ದಿನವೇ ನಾನು ಅವಳಿಗೆ ಹೇಳಿದ್ದೆ, ಇನ್ನು ತಡ ಮಾಡದೆ ವಕೀಲರ ಹತ್ತಿರ ಹೋಗು ಎಂದು. ಹೇಳಿದ್ದು ಒಂದು ಸಲವಲ್ಲ. ಹೇಳಿ ಹೇಳಿ ನನ್ನ ಗಂಟಲು ಒಣಗಿತು. ಕೇಳಿದರೆ ತಾನೆ? ಚಿಕ್ಕಂದಿನಿಂದಲೂ ಅವಳು ಹಾಗೆಯೇ. ಯಾರ ಹತ್ತಿರವೂ ಏನನ್ನೂ ಕೇಳಬಾರದು, ಕೊಟ್ಟರೂ ತೆಗೆದುಕೊಳ್ಳಬಾರದು, ತಲೆಯೆತ್ತಿಕೊಂಡು ಹೊರಟುಬಿಡಬೇಕು. ಬೇರೆ ಊರಿನಲ್ಲಿ ಹುಟ್ಟಿದ್ದರೆ ಅದನ್ನು ಸ್ವಾಭಿಮಾನ ಎನ್ನುತ್ತಿದ್ದರೋ ಏನೋ. ನಮ್ಮ ಊರಿನಲ್ಲಿ ಅದು ಮನೆ ಹಾಳು ಮಾಡುವ ಗುಣ.

ನಮ್ಮ ಊರಿನಲ್ಲಿ ತನ್ನದಾದ ವಸ್ತುವನ್ನು ಬಾಯಿಬಿಟ್ಟು ಬೇಡ ಎಂದರೆ ಬೆಳಗಾಗುವುದರೊಳಗೆ ಅದು ಎದುರಿಗಿದ್ದವರ ಪಾಲಾಗಿರುತ್ತದೆ. ಹೋಗಬೇಡ, ಮುಟ್ಟಬೇಡ ಎನ್ನುವುದಕ್ಕೆಲ್ಲ ಅಡ್ಡಿಯಿಲ್ಲ. ಇದ್ದಿದ್ದರೆ ತಾಯಂದಿರು ಮಾತೇ ಆಡುವಂತಿರಲಿಲ್ಲ. ಬರೆದರೂ ಏನೂ ಆಗುವುದಿಲ್ಲ, ಅದಕ್ಕೇ ನಾನಿಲ್ಲಿ ಧೈರ್ಯವಾಗಿ ಬರೆಯುತ್ತಿದ್ದೇನೆ. ಬಾಯಲ್ಲಿ ಬರಬಾರದು, ಅಷ್ಟೆ. ಹಾಗಾಗಿ ನಮ್ಮಲ್ಲಿ ಊಟಕ್ಕೆ ಕುಳಿತವರು ಹೊಟ್ಟೆ ತುಂಬಿದರೆ ಮಾತಿಲ್ಲದೆ ಎಲೆ ಮಡಿಸುತ್ತಾರೆ. ಹಳೆಯ ಸೀರೆ ಕೊಡುವವರು ಅದನ್ನು ಹೊಸ್ತಿಲ ಮೇಲಿಟ್ಟು ಒಳಗೆ ಹೋಗಿಬಿಡುತ್ತಾರೆ. ಮಕ್ಕಳಿಗೆ ಅಕ್ಷರಕ್ಕಿಂತ ಮೊದಲು 'ಆಮೇಲೆ' ಎನ್ನುವುದನ್ನು ಕಲಿಸುತ್ತೇವೆ. ಹಾಲು ಆಮೇಲೆ, ಸ್ನಾನ ಆಮೇಲೆ, ಸ್ಕೂಲು ಆಮೇಲೆ. ಹೊರಗಿನಿಂದ ಬಂದ ಸೊಸೆಯರು ಮೊದಲ ವರ್ಷ ಒಂದು ಉಂಗುರವನ್ನೋ ಒಂದು ರೇಷ್ಮೆ ಸೀರೆಯನ್ನೋ ನಾದಿನಿಗೆ ಕಳೆದುಕೊಂಡು, ಅತ್ತು, ಕಲಿಯುತ್ತಾರೆ.

ವಸ್ತುಗಳ ಮಾತು ಹೀಗಾಯಿತು. ಮನುಷ್ಯರನ್ನು ಹಾಗೆಂದರೆ ಇನ್ನೂ ಕಷ್ಟ. ಕಂಚುಗಾರರ ಬೀದಿಯ ಗೋಪಣ್ಣಯ್ಯ ಆಸ್ತಿ ಪಾಲಾಗುವ ದಿನ ಸಿಟ್ಟಿನಲ್ಲಿ ತನ್ನ ಒಡಹುಟ್ಟಿದ ತಮ್ಮನೇ ತನಗೆ ಬೇಡ ಎಂದುಬಿಟ್ಟರು. ಮಾರನೆಯ ವಾರ ಸಿಟ್ಟಿಳಿದು ತಮ್ಮನ ಮನೆಗೆ ಹೊರಟರೆ, ಬೀದಿಯ ಮೂಲೆ ತಿರುಗಿದಾಗಲೆಲ್ಲ ಮತ್ತೆ ತಾವು ಹೊರಟ ಮನೆಯ ಮುಂದೆಯೇ ಬಂದು ನಿಲ್ಲುತ್ತಿದ್ದರು. ಆಮೇಲಾಮೇಲೆ ತಮ್ಮನ ಮುಖವೂ ಮರೆತುಹೋಯಿತು. ಸಂತೆಯಲ್ಲಿ ತಮ್ಮನೇ ಎದುರಿಗೆ ನಿಂತು ಅಣ್ಣಾ ಎಂದರೆ, ತಾವು ಯಾರು ಎಂದು ಕೇಳಿದರು. ಇದನ್ನೆಲ್ಲ ಕಣ್ಣಾರೆ ಕಂಡು ಬೆಳೆದವಳು ಪ್ರಫುಲ್ಲಾ. ಆದರೂ ಅವಳ ಬಾಯಿಗೆ ಬೀಗವಿಲ್ಲ.

ಅವಳೂ ಅವಳ ಗಂಡ ಉಮಾಪತಿಯೂ ಬೇರೆಯಾಗುವುದೆಂದು ಒಪ್ಪಿಕೊಂಡಾಗ ನನಗೆ ಅಂಥ ಆಶ್ಚರ್ಯವೇನೂ ಆಗಲಿಲ್ಲ. ಅವನು ಕುಡಿಯುವವನಲ್ಲ, ಕೈ ಎತ್ತುವವನೂ ಅಲ್ಲ. ಗಡಿಯಾರ ರಿಪೇರಿಯ ಅಂಗಡಿ ಇಟ್ಟುಕೊಂಡಿದ್ದ. ಇವಳು ದೋಸೆಹಿಟ್ಟು ರುಬ್ಬಿ ಬೀದಿಗೆಲ್ಲ ಮಾರುತ್ತಿದ್ದಳು. ಇವಳು ಮಾತಾಡಿದರೆ ಅವನಿಗೆ ತಲೆನೋವು, ಅವನು ಮೌನವಾಗಿ ಕುಳಿತರೆ ಇವಳಿಗೆ ಮೈಯೆಲ್ಲ ಉರಿ. ಇಬ್ಬರ ನಡುವೆ ಒಂಬತ್ತು ವರ್ಷದ ಮಗಳು ಇಳಾ. ಅಮ್ಮನ ಹತ್ತಿರ ಅಪ್ಪನ ಮಾತನ್ನೂ ಅಪ್ಪನ ಹತ್ತಿರ ಅಮ್ಮನ ಮಾತನ್ನೂ ಹೊತ್ತು ತಿರುಗಿ ಆ ಮಗು ಸುಸ್ತಾಗಿತ್ತು. ಬೇರೆಯಾಗಲಿ, ಸದ್ಯ, ಎಂದುಕೊಂಡೆ. ಆದರೆ ಸರಿಯಾಗಿ ಬೇರೆಯಾಗಲಿ ಎಂದು ನನ್ನ ಆಸೆ.

ವಕೀಲರು ಎಂದ ಕೂಡಲೇ ನಮ್ಮ ಶೇಷಗಿರಿ ಮಾವ ಎರಡು ಕೈಯನ್ನೂ ಎತ್ತಿಬಿಟ್ಟರು. ಮನೆಯ ಮಾತು ಕೋರ್ಟಿನ ಮೆಟ್ಟಿಲು ಹತ್ತಬಾರದಂತೆ. ಹಿರಿಯರ ಮುಂದೆ ಕುಳಿತು ಮಾತಾಡಿದರೆ ಬಗೆಹರಿಯದ್ದು ಯಾವುದಿದೆ ಎಂದರು. ಉಮಾಪತಿಯಂತೂ, ಜಗಳವಿಲ್ಲದ ಮೇಲೆ ಇಬ್ಬರಿಗೂ ಸೇರಿ ಒಬ್ಬ ವಕೀಲರು ಸಾಕು, ತನ್ನ ಅಂಗಡಿಗೆ ಬರುವ ಒಬ್ಬರು ಪರಿಚಯದವರಿದ್ದಾರೆ, ಅವರೇ ಎಲ್ಲ ನೋಡಿಕೊಳ್ಳುತ್ತಾರೆ ಎಂದ. ಪ್ರಫುಲ್ಲಾ ತಲೆಯಾಡಿಸಿದಳು. ನಾನು ಅವಳನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ, ಅವನ ಅಂಗಡಿಯ ಗಿರಾಕಿ ನಿನ್ನ ವಕೀಲ ಹೇಗಾಗುತ್ತಾನೆ ಎಂದು ಕೇಳಿದೆ. ಎಲ್ಲ ಬೇಗ ಮುಗಿದರೆ ಸಾಕು ಅಕ್ಕ ಎಂದಳು. ಈ ಒಂದು ಮಾತಿಗೆ ನನ್ನ ತಂಗಿ ತೆತ್ತ ಬೆಲೆ ಇಷ್ಟಿಷ್ಟಲ್ಲ.

ಮೊದಲ ಮಾತುಕತೆಯಲ್ಲಿ ಹೋದದ್ದು ಬೀರು. ಅದರೊಳಗಿನ ಒಡವೆ ಸೀರೆಗಳ ಸಮೇತ. ನಮ್ಮ ಅಪ್ಪ ಮದುವೆಯಲ್ಲಿ ಕೊಟ್ಟಿದ್ದ ಬೀರು ಅದು. ಅದರ ಬಾಗಿಲು ಸರಿಯಿಲ್ಲ, ಅದನ್ನೂ ಸಾಗಿಸುತ್ತೀಯಾ ಎಂದು ಉಮಾಪತಿ ಸುಮ್ಮನೆ ಕೇಳಿದ. ಆಗ ಅವನ ಮನಸ್ಸಿನಲ್ಲಿ ಏನೂ ಇರಲಿಲ್ಲ ಎಂದೇ ನನ್ನ ನಂಬಿಕೆ. ಇವಳು ಮೂಗು ಮುರಿದು ಆ ಮಾತು ಅಂದುಬಿಟ್ಟಳು. ಅಂದ ಮೇಲೆ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಆ ಪರಿಚಯದ ವಕೀಲರು ಕನ್ನಡಕ ಒರೆಸಿಕೊಳ್ಳುತ್ತ, ಅಮ್ಮನವರು ಸಂತೋಷದಿಂದ ಬಿಟ್ಟುಕೊಟ್ಟಿದ್ದಾರೆ ಎಂದರು. ಎಲ್ಲಿಯ ಸಂತೋಷ?

ಅವತ್ತಿನಿಂದ ಉಮಾಪತಿಗೆ ದಾರಿ ಸಿಕ್ಕಿತು. ಕೂಗಾಡಲಿಲ್ಲ, ಕಿತ್ತುಕೊಳ್ಳಲಿಲ್ಲ. ಮೆತ್ತಗೆ ಕೇಳುವುದು, ಅಷ್ಟೆ. ಗ್ರೈಂಡರನ್ನು ಅಕ್ಕನ ಮನೆಗೆ ಸಾಗಿಸಲು ನಾಲ್ಕು ಆಳು ಬೇಕಾಯಿತಂತೆ, ಪಾಪ, ಅಲ್ಲಿ ಅದಕ್ಕೆ ಜಾಗ ಸಾಲುತ್ತದೋ ಇಲ್ಲವೋ, ಆದರೂ ನೀನೇ ಇಟ್ಟುಕೋ, ನಾನೇನೂ ಅಡ್ಡ ಬರುವುದಿಲ್ಲ ಎಂದು ದಾನ ಕೊಡುವವನ ದನಿಯಲ್ಲಿ ಅಂದ. ಅವಳ ದುಡಿಮೆಯ ಗ್ರೈಂಡರನ್ನು ಅವಳಿಗೇ ದಾನ ಕೊಡುವುದೆಂದರೆ? ಇವಳಿಗೆ ರೇಗಿತು. ಬಾಯಿ ತೆರೆದಳು. ಮಾರನೆಯ ಬೆಳಿಗ್ಗೆ ನನ್ನ ಮನೆಯ ಹಿತ್ತಿಲ ಕೋಣೆಯಲ್ಲಿ ಅದು ನಿಂತಿದ್ದ ಜಾಗದಲ್ಲಿ ಕಲ್ಲಿನ ಮೇಲೆ ನಾಲ್ಕು ಕಾಲಿನ ಗುರುತು ಮಾತ್ರ ಇತ್ತು. ಗ್ರೈಂಡರ್ ತಾನಾಗಿಯೇ ಉಮಾಪತಿಯ ಬೀದಿಗೆ ತಿರುಗಿಕೊಳ್ಳುವುದನ್ನು ಹಾಲಿನವನು ನೋಡಿದನಂತೆ. ಉದ್ದಿನಬೇಳೆ ನೆನೆಹಾಕಿಟ್ಟಿದ್ದಳು. ಅದು ಹಾಗೇ ಹುಳಿ ಬಂತು.

ಆಮೇಲೆ ಮನೆ. ಆ ಮನೆಯ ಅರ್ಧ ಗೋಡೆಗಳು ಎದ್ದದ್ದೇ ಅವಳು ಹಿಟ್ಟು ಮಾರಿದ ಹಣದಿಂದ. ಉಮಾಪತಿ ಅದನ್ನೂ ಹಾಗೆಯೇ ಕೇಳಿದ, ಇವಳೂ ಹಾಗೆಯೇ ಉತ್ತರ ಕೊಟ್ಟಳು. ಇಳಾಳ ಬಟ್ಟೆ ತರಲು ಹೋದರೆ ಬೀಗದ ಕೈ ತಿರುಗಲೇ ಇಲ್ಲ. ಹೊರಗೆ ನಿಂತು ಮಗಳ ಕೈಯಲ್ಲಿ ಕೀಲಿ ಕೊಟ್ಟು ಬಾಗಿಲು ತೆಗೆಸಬೇಕಾಯಿತು. ಆ ದಿನ ನಾನು ಅವಳಿಗೆ ಹೊಡೆಯುವುದೊಂದು ಬಾಕಿ. ನಿನಗೆ ಬುದ್ಧಿ ಎನ್ನುವುದು ಇದೆಯೇನೆ ಎಂದು ಕೇಳಿದೆ. ಅವನ ಮುಂದೆ ಕೈ ಚಾಚಿದ ಹಾಗಾಗಬಾರದು ಅಕ್ಕ ಎಂದಳು. ತನ್ನದನ್ನು ತಾನು ಇಟ್ಟುಕೊಳ್ಳುವುದು ಕೈ ಚಾಚಿದ ಹಾಗೆ ಹೇಗಾಗುತ್ತದೆ? ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು.

ಕೊನೆಯ ಮಾತುಕತೆ ನನ್ನ ಮನೆಯಲ್ಲೇ ನಡೆಯಿತು. ಮಾವ ನಡುವೆ ಕುರ್ಚಿ ಹಾಕಿಕೊಂಡು ಕುಳಿತಿದ್ದರು. ಇಳಾ ಪಕ್ಕದ ಮನೆಯಲ್ಲಿ ಆಡುತ್ತಿದ್ದಳು. ನಾನು ಕಾಫಿ ತಂದೆ. ಉಮಾಪತಿ ಎಂದಿಗಿಂತ ಮೆತ್ತಗಿದ್ದ.

"ಮಾವ, ಇಳಾ ಓದೋ ಹುಡುಗಿ. ಇವಳಿಗೆ ಈಗ ಮನೆ ಇಲ್ಲ, ಕೆಲಸ ಇಲ್ಲ. ನಾನು ಬಲವಂತ ಮಾಡಲ್ಲ. ಮಗು ಹೊಣೆ ಇವಳ ಕೈಲಿ ಆಗುತ್ತೋ ಇಲ್ವೋ, ಇವಳ ಬಾಯಲ್ಲೇ ಬರಲಿ."

ಪ್ರಫುಲ್ಲಾಳ ಕುತ್ತಿಗೆ ಕೆಂಪಾಯಿತು. ಈ ಕುತ್ತಿಗೆಯನ್ನು ಅವಳು ಹುಟ್ಟಿದಾಗಿನಿಂದ ನಾನು ನೋಡಿದ್ದೇನೆ, ಮುಂದೆ ಏನು ಬರುತ್ತದೆಂದು ನನಗೆ ಗೊತ್ತು. "ನಿಮ್ಮದು ಅನ್ನೋದು ಒಂದು ಕಡ್ಡೀನೂ ನನಗೆ..." ಎಂದು ಶುರುಮಾಡಿದಳು. ಇಳಾ ಅವನ ಮಗಳೂ ಹೌದಲ್ಲ! ನಾನು ಹಿಂದುಮುಂದು ನೋಡಲಿಲ್ಲ. ತಟ್ಟೆಯಲ್ಲಿದ್ದ ಅಷ್ಟೂ ಬಿಸಿ ಕಾಫಿಯನ್ನು ಮಾವನ ತೊಡೆಯ ಮೇಲೆ ಸುರಿದುಬಿಟ್ಟೆ. ಮಾವ ಪಂಚೆ ಹಿಡಿದುಕೊಂಡು ಎದ್ದು ಕುಣಿದರು. ಎಲ್ಲರೂ ನೀರು, ಬಟ್ಟೆ, ಬರ್ನಾಲ್ ಎಂದು ಓಡಾಡಿದರು. ಆ ಗಲಾಟೆಯಲ್ಲಿ ನಾನು ತಂಗಿಯ ರಟ್ಟೆ ಹಿಡಿದು ಹಿತ್ತಿಲ ಬಾಗಿಲಿನಿಂದ ಹೊರಗೆಳೆದುಕೊಂಡು ಹೋದೆ. ತಾನು ಏನು ಹೇಳಲು ಹೊರಟಿದ್ದೆ ಎನ್ನುವುದು ಅವಳಿಗೆ ಆಗ ಗೊತ್ತಾಗಿತ್ತು. ದಾರಿಯುದ್ದಕ್ಕೂ ಇಳಾ, ಇಳಾ ಎಂದು ಮಗಳ ಹೆಸರು ಹೇಳಿಕೊಳ್ಳುತ್ತಲೇ ಇದ್ದಳು, ಮರೆತೇಹೋಗುತ್ತದೇನೋ ಎನ್ನುವಂತೆ.

ಕುಮುದಿನಿ ವಕೀಲರ ಕಚೇರಿ ಕೋರ್ಟಿನ ಹಿಂದಿನ ಓಣಿಯಲ್ಲಿ, ಒಂದು ಟೈಲರ್ ಅಂಗಡಿಯ ಮಹಡಿಯ ಮೇಲಿತ್ತು. ಐವತ್ತು ದಾಟಿದ ಹೆಂಗಸು, ಗಟ್ಟಿ ದನಿ. ನಮ್ಮ ಊರಿನಲ್ಲಿ ವಕೀಲರ ಕೆಲಸ ವಾದ ಮಾಡುವುದಕ್ಕಿಂತ ಹೆಚ್ಚಾಗಿ ನಮ್ಮ ಬಾಯಿ ಮುಚ್ಚಿಸುವುದು. ತಮ್ಮದಲ್ಲದ್ದನ್ನು ಅವರು ಎಷ್ಟು ಸಲ ಬೇಡ ಎಂದರೂ ಏನೂ ಕದಲುವುದಿಲ್ಲ. ಅದಕ್ಕೇ ನಮ್ಮ ಪರವಾಗಿ ಧಾರಾಳವಾಗಿ ಮಾತಾಡಬಲ್ಲರು. ಇಷ್ಟು ಸರಳವಾದದ್ದನ್ನು ತಿಳಿದುಕೊಳ್ಳಲು ಜನ ಒಂದು ಮನೆಯನ್ನೇ ಕಳೆದುಕೊಳ್ಳಬೇಕೇ?

ಅವರು ಎಲ್ಲವನ್ನೂ ಕೇಳಿದರು. ನಡುನಡುವೆ ಕಣ್ಣು ಮುಚ್ಚಿಕೊಂಡರು. ನಮ್ಮ ಹಾಗೆ ಬಂದವರ ಕಥೆ ಕೇಳಿ ಕೇಳಿ ಅವರಿಗೂ ಸಾಕಾಗಿತ್ತೆಂದು ಕಾಣುತ್ತದೆ.

"ಮೊದಲನೇ ಸಲ ಮಾತುಕತೆ ಅಂತ ಕೂತಿರಲ್ಲ, ಅದರ ಹಿಂದಿನ ದಿನ ಬರಬೇಕಿತ್ತು ನೀವು," ಎಂದರು.

ವಕೀಲರನ್ನು ಇಟ್ಟರೆ ಜಗಳ ಶುರುವಾಗುತ್ತದೆಂದು ಎಲ್ಲರೂ ಹೇಳಿದರು ಎಂದು ಪ್ರಫುಲ್ಲಾ ಗೊಣಗಿದಳು.

"ಜಗಳ ಆಡೋಕೆ ನಾನ್ಯಾಕಮ್ಮಾ? ಅದು ನಿಮಗೇ ಚೆನ್ನಾಗಿ ಬರುತ್ತೆ. ಆಡದೆ ಇರೋಕೆ ನಾನು ಬೇಕು."

ಆಮೇಲೆ ಒಂದೊಂದಾಗಿ ಬಿಡಿಸಿ ಹೇಳಿದರು. ಗಂಡಹೆಂಡತಿ ಒಪ್ಪಿಯೇ ಬೇರೆಯಾಗುವುದಾದರೂ ಇಬ್ಬರಿಗೂ ಒಬ್ಬರೇ ವಕೀಲರು ಆಗುವುದಿಲ್ಲ. ಒಬ್ಬರಿಗೆ ಒಳ್ಳೆಯದಾಗುವ ಮಾತು ಇನ್ನೊಬ್ಬರಿಗೆ ಕೆಟ್ಟದ್ದಾದರೆ ಆ ವಕೀಲರು ಯಾರ ಕಿವಿಯಲ್ಲಿ ಹೇಳುತ್ತಾರೆ? ಮನೆ ಬಿಡುವ ಮೊದಲು, ಸಹಿ ಹಾಕುವ ಮೊದಲು, ಮಗುವಿನ ಮಾತು ಬರುವ ಮೊದಲು ಕೇಳಬೇಕು. ಫೀಸು ಕೊಡಲು ಆಗದವರಿಗೆ ಕೋರ್ಟಿನ ಹಿಂಬದಿಯಲ್ಲೇ ಕೋಣೆಯಿದೆ, ಅಲ್ಲಿ ಕೇಳಿದರೆ ವಕೀಲರನ್ನು ಕೊಡುತ್ತಾರೆ. ಹೋದದ್ದು ವಾಪಸ್ಸು ಬರುತ್ತದೆಯೇ ಎಂದು ನಾನು ಕೇಳಿದೆ. ಆ ಗ್ರೈಂಡರ್, ಆ ಮನೆ ಇವಳ ದುಡಿಮೆಯದ್ದೆಂದು ಕೋರ್ಟಿಗೆ ತೋರಿಸಬೇಕು, ಕೆಣಕಿ ಬಾಯಿಬಿಡಿಸಿದ್ದೆಂದೂ ತೋರಿಸಬೇಕು. ಜಡ್ಜ್ ಸಾಹೇಬರು ಒಪ್ಪಿದರೆ ಉಮಾಪತಿ ಕೋರ್ಟಿನಲ್ಲಿ ಇವಳ ಎದುರು ನಿಂತು ಅದೇ ಮಾತನ್ನು ಹೇಳಬೇಕಾಗುತ್ತದೆ. ಆಗ ಬರುತ್ತದೆ. ತಿಂಗಳುಗಟ್ಟಲೆ ಹಿಡಿಯುತ್ತದೆ ಎಂದರು.

ಅಷ್ಟೆಲ್ಲ ಯಾಕೆ, ಅವನನ್ನೂ ನಾಲ್ಕು ಮಾತಿನಲ್ಲಿ ಕೆಣಕಿದರೆ ತಾನಾಗಿ ಬಾಯಿಬಿಡುವುದಿಲ್ಲವೇ ಎಂದೆ. ಕುಮುದಿನಿ ನನ್ನನ್ನು ಒಂದು ನೋಟ ನೋಡಿದರು. ಕೆಣಕಿ ಪಡೆಯುವುದು ತಪ್ಪೆಂದೇ ತಾನು ವಾದ ಮಾಡಬೇಕಾಗಿರುವಾಗ, ಅದೇ ಕೆಲಸಕ್ಕೆ ತನ್ನನ್ನು ಇಳಿಸುತ್ತೀರಾ ಎಂದು ಕೇಳಿದರು.

ಅವರದ್ದೊಂದು ಪದ್ಧತಿಯಿತ್ತು. ಕಕ್ಷಿದಾರರು ಎದುರು ಪಕ್ಷದವರ ಮುಂದೆ ಇರುವಷ್ಟು ಹೊತ್ತೂ ಬಾಯಲ್ಲಿ ಒಂದು ದಪ್ಪ ಕಲ್ಲುಸಕ್ಕರೆ ಇಟ್ಟುಕೊಂಡಿರಬೇಕು. ಕಡಿಯುವಂತಿಲ್ಲ. ಕರಗಿದರೆ ಇನ್ನೊಂದು. ಇವರಿಂದಾಗಿ ಕೋರ್ಟಿನ ಮೆಟ್ಟಿಲ ಬಳಿ ಒಬ್ಬ ಹೆಂಗಸು ಕಲ್ಲುಸಕ್ಕರೆಯ ಬುಟ್ಟಿ ಇಟ್ಟುಕೊಂಡು ಜೀವನ ಮಾಡುತ್ತಿದ್ದಳು. ಪ್ರಫುಲ್ಲಾ ಮೊದಲ ವಾಯಿದೆಯಲ್ಲಿ ಅದನ್ನು ಕಟಕಟನೆ ಕಡಿದು ನುಂಗಿದಳು. ಕುಮುದಿನಿ ಮೇಜಿನ ಕೆಳಗೆ ಅವಳ ಕಾಲು ತುಳಿದು, ತಾವೇ ಇನ್ನೊಂದನ್ನು ಅವಳ ಬಾಯಿಗೆ ತುರುಕಿದರು. ಮಳೆಗಾಲ ಕಳೆಯಿತು, ಚಳಿ ಬಂತು, ವಾಯಿದೆಯ ಮೇಲೆ ವಾಯಿದೆ. ಅವಳ ಹಲ್ಲು ಜುಮ್ಮೆನ್ನತೊಡಗಿತು. ಆದರೆ ಬಾಯಿ ಮುಚ್ಚಿತ್ತು. ನನ್ನ ಜನ್ಮದಲ್ಲಿ ನಾನು ಸಾಧಿಸಲಾಗದ್ದನ್ನು ಒಂದು ಚೂರು ಸಕ್ಕರೆ ಸಾಧಿಸಿತ್ತು.

ಉಮಾಪತಿಯ ಕಡೆ ವಕೀಲರು ಯಾರೂ ಇರಲಿಲ್ಲ. ಎರಡೂ ಕಡೆಯವರಿಗೆ ಬುದ್ಧಿ ಹೇಳಿದವರು ಈಗ ಯಾವ ಕಡೆಯೂ ನಿಲ್ಲುವಂತಿಲ್ಲ ಎಂದು ಕುಮುದಿನಿ ಮೊದಲ ದಿನವೇ ತಕರಾರು ತೆಗೆದಿದ್ದರಿಂದ, ಆ ಕನ್ನಡಕದ ವಕೀಲರು ಜಾರಿಕೊಂಡರು. ಬೇರೆಯವರನ್ನು ಇಟ್ಟುಕೊಳ್ಳಿ ಎಂದು ಜಡ್ಜ್ ಸಾಹೇಬರೇ ಅವನಿಗೆ ಹೇಳಿದರು. ತನಗೇನು ಬಾಯಿಲ್ಲವೇ, ಬಾಯಿಂದಲೇ ಅಲ್ಲವೇ ತಾನು ಇಷ್ಟೆಲ್ಲ ಪಡೆದದ್ದು ಎಂದು ಅವನ ಯೋಚನೆ ಇದ್ದಿರಬೇಕು. ಒಬ್ಬನೇ ಬರುತ್ತಿದ್ದ, ಒಬ್ಬನೇ ನಿಲ್ಲುತ್ತಿದ್ದ.

ಆದೇಶದ ದಿನ ಇಳಾಳನ್ನೂ ಕರೆದುಕೊಂಡು ಹೋಗಬೇಕಾಗಿತ್ತು, ಜಡ್ಜ್ ಸಾಹೇಬರು ಅವಳ ಹತ್ತಿರವೂ ಮಾತಾಡುವವರಿದ್ದರು. ಅವಳನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿ ನಾವು ಒಳಗೆ ಹೋದೆವು. ಬೀರು, ಗ್ರೈಂಡರ್, ಮನೆಯಲ್ಲಿ ಅರ್ಧ ಭಾಗ ಪ್ರಫುಲ್ಲಾಳಿಗೆ ಸೇರತಕ್ಕದ್ದೆಂದು ಆದೇಶವಾಯಿತು. ಕುಮುದಿನಿ ಮಾಡಿದ ವಾದ ಚೆನ್ನಾಗಿತ್ತು. ಅದನ್ನೆಲ್ಲ ಬರೆಯುತ್ತ ಕೂತರೆ ನನಗೂ ತಾಳ್ಮೆಯಿಲ್ಲ, ನಿಮಗೂ ಇರಲಾರದು. ಉಮಾಪತಿಯನ್ನು ಪ್ರಫುಲ್ಲಾಳ ಎದುರು ನಿಲ್ಲಿಸಿದರು.

ಬೀರು ನನಗೆ ಬೇಡ ಎಂದ. ಗುಮಾಸ್ತರು ಬರೆದುಕೊಂಡರು. ಗ್ರೈಂಡರ್ ನನಗೆ ಬೇಡ ಎಂದ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮನೆಯ ಅರ್ಧ ನನಗೆ ಬೇಡ ಎನ್ನುವಾಗ ಅವನ ದನಿ ಏರಿತ್ತು, ಕಿವಿ ಕೆಂಪಾಗಿತ್ತು. ಆ ಮಾತನ್ನು ಒಂದಾದ ಮೇಲೊಂದರಂತೆ ಹೇಳಿ ನಾಲಿಗೆ ಅದಕ್ಕೇ ಹೊಂದಿಕೊಂಡಿತ್ತೆಂದು ತೋರುತ್ತದೆ. ಇನ್ನು ಉಳಿದದ್ದು ಮಗುವಿನ ವಿಷಯ, ಸದ್ಯಕ್ಕೆ ತಾಯಿಯ ಹತ್ತಿರ ಇರಲಿ, ಭಾನುವಾರ ಭಾನುವಾರ ತಂದೆ ಹೋಗಿ ನೋಡಬಹುದೆಂದು ಯೋಚಿಸಿದ್ದೇವೆ, ನಿಮ್ಮದೇನಾದರೂ ಹೇಳುವುದಿದೆಯೇ ಎಂದು ಜಡ್ಜ್ ಸಾಹೇಬರು ಕೇಳಿದರು.

"ಹೇಳೋಕೆ ಏನು ಉಳೀತು ಸ್ವಾಮಿ? ಎಲ್ಲಾ ಇವಳಿಗೇ ಆಯ್ತು," ಎಂದ ಉಮಾಪತಿ. "ಇನ್ನು ಆ ಮಗೂನೂ ನನಗೆ..."

ನನಗೆ ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಹೇಳಿಬಿಡು ಮಾರಾಯ ಎಂದುಕೊಂಡೆ. ಒಂದೇ ಮಾತಿಗೆ ಎಲ್ಲ ಮುಗಿದುಹೋಗುತ್ತಿತ್ತು. ಮಗು ಪೂರ್ತಿ ನಮ್ಮದಾಗುತ್ತಿತ್ತು, ಭಾನುವಾರವೂ ಇಲ್ಲ, ಮುಂದಿನ ವಾಯಿದೆಯೂ ಇಲ್ಲ. ಕುಮುದಿನಿ ಕೂಡ ತಮ್ಮ ಫೈಲಿನಿಂದ ತಲೆಯೆತ್ತಲಿಲ್ಲ. ಅವನಿಗೆ ಬುದ್ಧಿ ಹೇಳುವುದು ಅವರ ಕೆಲಸವಲ್ಲ.

ಪ್ರಫುಲ್ಲಾಳ ಬಾಯಲ್ಲಿ ಕಲ್ಲುಸಕ್ಕರೆಯಿತ್ತು. ಕೂಗಲು ಆಗಲಿಲ್ಲ. ಕುರ್ಚಿ ಹಿಂದಕ್ಕೆ ಬಿತ್ತು, ಒಂದೇ ನೆಗೆತಕ್ಕೆ ಹೋಗಿ ಎರಡು ಕೈಯಿಂದಲೂ ಉಮಾಪತಿಯ ಬಾಯಿ ಮುಚ್ಚಿಬಿಟ್ಟಳು. ಅವನು ಬೆಚ್ಚಿಬಿದ್ದು ಹಿಂದೆ ಸರಿದ, ಇವಳು ಬಿಡಲಿಲ್ಲ. ಕಟಕಟೆಗೆ ಅವನ ಬೆನ್ನು ಒತ್ತಿಹೋಯಿತು. ಪೇದೆ ಓಡಿಬಂದು ಏನು ಮಾಡಬೇಕೆಂದು ತೋಚದೆ ನಿಂತ. ಅವಳ ಬೆರಳುಗಳ ಮೇಲಿನಿಂದ ಅವನ ಕಣ್ಣು ಮಾತ್ರ ಕಾಣುತ್ತಿತ್ತು. ಮೊದಲು ಅದರಲ್ಲಿ ಸಿಟ್ಟಿತ್ತು. ಆಮೇಲೆ ಅವನಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡಿತು.

ಅವರು ಏನು ಹೇಳಿದರು ಎಂದು ಜಡ್ಜ್ ಸಾಹೇಬರು ಕೇಳಿದರು. ಕುಮುದಿನಿ ನಿಧಾನಕ್ಕೆ ಎದ್ದು ನಿಂತರು. "ಏನೂ ಹೇಳಿಲ್ಲ ಸ್ವಾಮಿ," ಎಂದರು.

ಪ್ರಫುಲ್ಲಾ ಆಗ ಕೈ ತೆಗೆದಳು. ಸಕ್ಕರೆಯನ್ನು ಅಂಗೈಗೆ ಉಗುಳಿಕೊಂಡಳು. ಇಷ್ಟು ತಿಂಗಳಲ್ಲಿ ಆ ಕೋರ್ಟಿನಲ್ಲಿ ಅವಳು ಬಾಯಿಬಿಟ್ಟು ಆಡಿದ ಮಾತು ಅದೊಂದೇ.

"ರೀ, ಮೊದಲು ಒಬ್ಬ ವಕೀಲರನ್ನ ಇಟ್ಕೊಳ್ಳಿ. ಆಮೇಲೆ ಬಾಯಿಬಿಡಿ. ದುಡ್ಡಿಲ್ಲ ಅಂದ್ರೆ ಹಿಂದುಗಡೆ ಒಂದು ಕೋಣೆ ಇದೆ, ಅಲ್ಲಿ ಕೇಳಿ, ಕೊಡ್ತಾರೆ. ನಿಮ್ಮ ಬಾಯಿ ಕಾಯೋ ಕೆಲಸ ಇನ್ನು ನನ್ನದಲ್ಲ."

ಜಡ್ಜ್ ಸಾಹೇಬರು ಮಗುವಿನ ವಿಷಯವನ್ನು ಮುಂದಿನ ತಿಂಗಳಿಗೆ ಹಾಕಿದರು, ಅಲ್ಲಿಯವರೆಗೆ ಭಾನುವಾರದ ಏರ್ಪಾಡು ನಡೆಯಲಿ ಎಂದರು. ಅಂದರೆ ಇನ್ನೊಂದು ವಾಯಿದೆ, ಇನ್ನೊಂದು ದಿನ ಆ ಮೆಟ್ಟಿಲು ಹತ್ತುವುದು, ಎದುರು ಪಕ್ಷದಲ್ಲಿ ಈಗ ಒಬ್ಬ ವಕೀಲರು ಬೇರೆ. ಹೊರಗೆ ಬರುತ್ತಿದ್ದ ಹಾಗೆ ನಾನು ಶುರುಮಾಡಿದೆ. ತನ್ನದನ್ನು ಉಳಿಸಿಕೊಳ್ಳಲು ಒಂದು ದಿನವೂ ಕೈ ಮುಂದೆ ಮಾಡದವಳು ಅವನದ್ದನ್ನು ಉಳಿಸಲು ನೆಗೆದು ಹೋದೆಯಲ್ಲ, ನಿನ್ನಂಥವಳನ್ನು ಕಟ್ಟಿಕೊಂಡು ನನ್ನ ಅರ್ಧ ಆಯಸ್ಸು ಹೋಯಿತು ಎಂದೆ. ಉಮಾಪತಿ ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದ. ತಲೆಯನ್ನು ಎರಡು ಕೈಯಲ್ಲೂ ಹಿಡಿದುಕೊಂಡಿದ್ದ. ಆ ಹಿಂಬದಿಯ ಕೋಣೆ ಎಲ್ಲಿ ಬರುತ್ತದೆ ಎಂದು ನನ್ನನ್ನೇ ಕೇಳಿದ. ಎಡಕ್ಕೆ ತಿರುಗಿ ಕೊನೆಯ ಬಾಗಿಲು ಎಂದು ಹೇಳಿದೆ. ಬೈಯಬೇಕೆಂದಿದ್ದೆ, ಬಾಯಿ ಬರಲಿಲ್ಲ.

ಇಳಾ ಬೆಂಚಿನಿಂದ ಇಳಿದು ಬಂದು ಅಮ್ಮನ ಸೆರಗು ಹಿಡಿದುಕೊಂಡಳು. ಒಳಗೆ ಕುರ್ಚಿ ಬಿದ್ದ ಸದ್ದು ಅವಳಿಗೆ ಕೇಳಿಸಿತ್ತು. ಮೆಟ್ಟಿಲ ಮೇಲಿದ್ದ ಅಪ್ಪನನ್ನು ನೋಡಿದಳು, ಅಮ್ಮನ ಮುಖ ನೋಡಿದಳು.

"ಭಾನುವಾರ ಅಪ್ಪ ಬರ್ತಾರಾ ಅಮ್ಮಾ?"

"ಬರ್ತಾರೆ ಪುಟ್ಟ," ಎಂದಳು ನನ್ನ ತಂಗಿ. "ನಮ್ಮನೆ ದಾರಿ ಅವರಿಗೆ ಗೊತ್ತು."